ರಾಕೆಟ್ಟಿಗೆ ಕೈಕಾಲು ಬಂದಾಗ

ರೂಪ ಬದಲಿಸುವ ರೋಬೋಟ್ ಆಟಿಕೆ ಕೈಗೆ ಸಿಕ್ಕರೆ ಎಲ್ಲರೂ ಎರಡು ವಿಷಯ ನೋಡುತ್ತಾರೆ. ಮಡಚಿದಾಗ ರಾಕೆಟ್ ಥರ ಕಾಣುತ್ತಾ? ಬಿಡಿಸಿದಾಗ ರೋಬೋಟ್ ಥರ ಕಾಣುತ್ತಾ? ನಾನು ನೋಡುವುದು ಮೂರನೆಯದನ್ನು. ನಡುವೆ ಏನಾಯಿತು? ರಾಕೆಟ್ಟಿನ ಮೂತಿ ಎಲ್ಲಿಗೆ ಹೋಯಿತು? ರೆಕ್ಕೆಗೆ ಹೊಸ ಕೆಲಸ ಸಿಕ್ಕಿತಾ, ಇಲ್ಲ ಹೋಗಲು ಜಾಗವಿಲ್ಲದೆ ರೋಬೋಟಿನ ಬೆನ್ನ ಮೇಲೆ ಗಂಟುಮೂಟೆಯಾಗಿ ಕೂತಿದೆಯಾ? ಗಂಟುಮೂಟೆ ಹೊತ್ತ ರೋಬೋಟಿಗೆ ನನ್ನಲ್ಲಿ ಮಾರ್ಕ್ಸ್ ಇಲ್ಲ.

ಈ ಬಿಗಿ ಮಡಿಕೇರಿಯಲ್ಲಿ ಬೆಳೆದವರಿಗೆ ತಾನಾಗಿಯೇ ಬರುತ್ತದೆ. ವಿಜಯದಶಮಿ ರಾತ್ರಿ ಇಲ್ಲಿ ಹತ್ತು ದೇವಸ್ಥಾನಗಳ ಮಂಟಪಗಳು, ಅಂದರೆ ಕೈಕಾಲು ಆಡಿಸುವ ದೊಡ್ಡ ಗೊಂಬೆಗಳನ್ನು ಹೊತ್ತ ವಾಹನಗಳು, ಮೆರವಣಿಗೆ ಹೊರಡುತ್ತವೆ. ಒಂದೊಂದರ ಮೇಲೂ ಒಂದೊಂದು ಪುರಾಣದ ಕತೆ. ಅಸುರ ಎದ್ದು ನಿಲ್ಲುತ್ತಾನೆ, ದೇವಿ ತ್ರಿಶೂಲ ಎತ್ತುತ್ತಾಳೆ, ಹೊಗೆ, ಬೆಂಕಿ, ಕಿವಿ ಕಿತ್ತುಹೋಗುವಷ್ಟು ಸದ್ದು. ತೀರ್ಪುಗಾರರು ಇದ್ದೇ ಇರುತ್ತಾರೆ, ಬಹುಮಾನವೂ ಉಂಟು. ಆದರೆ ಅವರು ಪೆನ್ನು ತೆಗೆಯುವ ಮೊದಲೇ ರಸ್ತೆ ಬದಿ ಸ್ವೆಟರ್ ಹಾಕಿಕೊಂಡು ನಿಂತ ಜನ ತೀರ್ಪು ಕೊಟ್ಟಾಗಿರುತ್ತದೆ. "ಕೈ ಚೆನ್ನಾಗಿ ಎತ್ತಿದ, ಕತ್ತು ಮಾತ್ರ ತಿರುಗಲೇ ಇಲ್ಲ ನೋಡಿ." ಇಂಥ ಊರಿನವರ ಕೈಗೆ ಕೀಲು ಇರುವ ಗೊಂಬೆ ಕೊಟ್ಟರೆ ಸುಮ್ನೆ ಬಿಡುತ್ತಾರಾ?

ಅಕ್ಕನ ಮಕ್ಕಳಿಗೆ ಬೆಂಗಳೂರಿನ ನೆಂಟರು ತಂದುಕೊಟ್ಟ ಡಬ್ಬದಲ್ಲಿ ಐದು ಇದ್ದವು. ರಾಕೆಟ್, ಸ್ಪೇಸ್ ಶಟಲ್, ಹಾರುವ ತಟ್ಟೆ, ಉಪಗ್ರಹ, ಚಂದ್ರನ ಮೇಲೆ ಓಡುವ ರೋವರ್. ಎಲ್ಲವೂ ಅಂಗೈಯೊಳಗೆ ಮುಚ್ಚಿಕೊಳ್ಳುವಷ್ಟು ಚಿಕ್ಕವು. ಕಂಪನಿ ಹೆಸರು ಡಬ್ಬದ ಮೇಲೆಲ್ಲೂ ಇಲ್ಲ. ಬ್ಯಾಟರಿಯೂ ಇಲ್ಲ. ಅದೇ ದೊಡ್ಡ ಗುಣ. ಜುಲೈ ತಿಂಗಳಲ್ಲಿ, ಮಳೆಗೆ ಶಾಲೆಗೆ ರಜೆ ಕೊಟ್ಟ ದಿನ, ಎಲ್ಲೋ ಮರ ಬಿದ್ದು ಕರೆಂಟ್ ಹೋಗಿ ಫೋನೂ ಟೀವಿಯೂ ಸತ್ತುಬಿದ್ದಿರುವಾಗ ಕೆಲಸಕ್ಕೆ ಬರುವುದು ಇಂಥ ಆಟಿಕೆಯೇ.

ಈ ಜಾತಿಯ ಆಟಿಕೆಗಳನ್ನು ಅಮೆರಿಕದ್ದು ಅಂದುಕೊಂಡವರು ಜಾಸ್ತಿ. ಬೇರು ಇರುವುದು ಜಪಾನಿನಲ್ಲಿ. ತಕಾರ ಎಂಬ ಕಂಪನಿ ಅಲ್ಲಿ ಡಯಾಕ್ಲೋನ್, ಮೈಕ್ರೋಮ್ಯಾನ್ ಅಂತ ಆಟಿಕೆ ಮಾರುತ್ತಿತ್ತು. ಅದರಲ್ಲಿ ಕೆಲವನ್ನು ಹ್ಯಾಸ್‌ಬ್ರೋ ಎಂಬ ಅಮೆರಿಕದ ಆಟಿಕೆ ಕಂಪನಿ ಆರಿಸಿಕೊಂಡು 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಎಂದು ಹೆಸರಿಟ್ಟು ಅಮೆರಿಕದಲ್ಲಿ ಮಾರಿತು. ಮರುವರ್ಷವೇ ಅದಕ್ಕೆ ಆಕಾಶದ ಹುಚ್ಚು ಹಿಡಿಯಿತು. ಕಾಸ್ಮೋಸ್ ಎಂಬ ಪುಟ್ಟ ಹಸಿರು ಹಾರುವ ತಟ್ಟೆ ಬಂತು. ಆಸ್ಟ್ರೋಟ್ರೇನ್ ಎಂಬುದೂ ಬಂತು. ಅದು ಒಮ್ಮೆ ಸ್ಪೇಸ್ ಶಟಲ್, ಒಮ್ಮೆ ಉಗಿಬಂಡಿ, ಒಮ್ಮೆ ರೋಬೋಟ್. ಕೊಡಗಿನ ಮಗುವಿಗೆ ಇದನ್ನು ಕೊಟ್ಟು ನೋಡಬೇಕು. ನಮ್ಮ ಜಿಲ್ಲೆಗೆ ಇವತ್ತಿಗೂ ರೈಲು ಬಂದಿಲ್ಲ. ಇಲ್ಲಿನ ಮಕ್ಕಳಿಗೆ ಶಟಲ್ಲೂ ಅಷ್ಟೇ ದೂರ, ಉಗಿಬಂಡಿಯೂ ಅಷ್ಟೇ ದೂರ.

ಇರಲಿ, ನಮ್ಮ ಐದಕ್ಕೆ ಬರೋಣ.

ರಾಕೆಟ್ ಬಗ್ಗೆ ಹೇಳುವುದು ಹೆಚ್ಚಿಲ್ಲ. ಎರಡು ಸೀಳಾಗಿ ಕಾಲಾಗುತ್ತದೆ, ಮೂತಿ ಹಿಂದಕ್ಕೆ ಬಾಗಿ ಬೆನ್ನಿಗೆ ಜೋತು ಬೀಳುತ್ತದೆ. ಗಂಟುಮೂಟೆ! ಆ ಭಾರಕ್ಕೆ ರೋಬೋಟ್ ಹಿಮ್ಮಗ್ಗುಲಾಗಿ ಬೀಳುತ್ತದೆ. ಹಾರುವ ತಟ್ಟೆ ಇನ್ನೂ ಸೋಮಾರಿ. ಡಬ್ಬಿಯ ಮುಚ್ಚಳ ತೆಗೆದ ಹಾಗೆ ತೆರೆದುಕೊಳ್ಳುತ್ತದೆ, ಒಳಗೆ ಮಡಚಿ ಮಲಗಿಸಿದ ಸಣ್ಣ ರೋಬೋಟನ್ನು ಹೊರಗೆ ತೆಗೆಯಬೇಕು. ಇದಕ್ಕೆ ರೂಪ ಬದಲಿಸುವುದು ಅಂತ ಯಾರಾದರೂ ಅಂದಾರಾ? ಇದು ಬಾಗಿಲು ತೆಗೆದು ಆಚೆ ಬಂದದ್ದು, ಅಷ್ಟೇ.

ಶಟಲ್ ಬೇರೆ. ಇದನ್ನು ಮಾಡಿದವನಿಗೆ ವಿಷಯ ಗೊತ್ತಿತ್ತು. ಬೆನ್ನಿನ ಉದ್ದಕ್ಕೂ ಇರುವ ಎರಡು ಬಾಗಿಲುಗಳು ತೆರೆದು, ಕೆಳಗಿಳಿದು, ರೋಬೋಟಿನ ತೋಳುಗಳಾಗುತ್ತವೆ. ನಿಜವಾದ ಶಟಲ್ಲಿನ ಬೆನ್ನಲ್ಲೂ ಹೀಗೇ ಎರಡು ಉದ್ದ ಬಾಗಿಲುಗಳಿದ್ದವು. ಕಕ್ಷೆ ತಲುಪಿದ ಮೇಲೆ ಮೊದಲ ಕೆಲಸಗಳಲ್ಲಿ ಅವನ್ನು ತೆರೆಯುವುದೂ ಒಂದು. ಯಾಕೆಂದರೆ ಒಳಗಿನ ಬಿಸಿಯನ್ನು ಹೊರಗೆ ಬಿಡುವ ರೇಡಿಯೇಟರ್‌ಗಳು ಆ ಬಾಗಿಲುಗಳ ಒಳಮೈಯಲ್ಲೇ ಇದ್ದವು. ತೆರೆಯಲಾಗದಿದ್ದರೆ ಬೇಗ ವಾಪಸ್ ಇಳಿಯಬೇಕಿತ್ತು. ಇನ್ನು ಶಟಲ್ ಅನ್ನುವುದೇ ವೇಷ ಬದಲಿಸುವ ವಸ್ತು ಅಲ್ವಾ? ಹೋಗುವಾಗ ರಾಕೆಟ್, ಬರುವಾಗ ಎಂಜಿನ್ ಬಲವಿಲ್ಲದೆ ತೇಲುತ್ತಾ ಇಳಿಯುವ ಗ್ಲೈಡರ್. 1981ರಿಂದ 2011ರವರೆಗೆ 135 ಸಲ ಹಾರಿತು. ನಮ್ಮ ಪುಟ್ಟ ಶಟಲ್ಲಿಗೆ ಒಂದೇ ಕೊರತೆ. ತಲೆ ತೀರಾ ಚಿಕ್ಕದು. ಕಾಫಿ ಬೀಜ ಇಟ್ಟರೂ ಇದಕ್ಕಿಂತ ಲಕ್ಷಣವಾಗಿ ಇರುತ್ತಿತ್ತು.

ಉಪಗ್ರಹವನ್ನು ನೋಡಿದ ಕೂಡಲೇ ಅಕ್ಕನ ಮಗ ಬದಿಗೆ ಸರಿಸಿದ. "ಇದು ಬರೀ ಡಬ್ಬ, ಮಾಮ." ಡಬ್ಬವೇ ಹೌದು. ಎರಡು ಕಡೆ ಸೋಲಾರ್ ಹಲಗೆಗಳು ಮಡಚಿಕೊಂಡು ಅಂಟಿಕೊಂಡಿವೆ. ಬಿಡಿಸಿದರೆ ಒಂದು ಕಡೆ ಮೂರು, ಇನ್ನೊಂದು ಕಡೆ ಮೂರು ಮಡಿಕೆ. ಹಾಗೇ ತಿರುಗಿಸಿದರೆ ಕೈಯಾಯಿತು, ಇನ್ನೊಂದು ಸುತ್ತು ಬಂದರೆ ಕಾಲಾಯಿತು. ಒಂದು ಚೂರೂ ಮಿಕ್ಕುವುದಿಲ್ಲ. ಆದರೆ ಕಾಲಿನ ಕೀಲು ಸಡಿಲ. ಮೇಜಿನ ಮೇಲೆ ನಿಲ್ಲಿಸಿ ಕೈ ತೆಗೆದರೆ ಅರ್ಧ ಉಸಿರಿಗೆ ಕುಸಿಯುತ್ತದೆ. ಒಳ್ಳೆ ಲೆಕ್ಕ, ಅಗ್ಗದ ಪ್ಲಾಸ್ಟಿಕ್.

ಆದರೂ ಬಾಹ್ಯಾಕಾಶಕ್ಕೆ ಹೋಗುವ ನಿಜವಾದ ವಸ್ತುಗಳಿಗೆ ಹತ್ತಿರ ಇರುವುದು ಈ ಡಬ್ಬವೇ ಎಂದು ನಾನು ಅವನೊಂದಿಗೆ ವಾದ ಮಾಡಿದೆ. ರಾಕೆಟ್ಟಿನ ಮೂತಿಯೊಳಗೆ ಜಾಗ ಕಮ್ಮಿ. ಹೋಗಬೇಕಾದದ್ದು ದೊಡ್ಡದು. ಮಡಚದೆ ಬೇರೆ ದಾರಿಯೇ ಇಲ್ಲ. ಜೇಮ್ಸ್ ವೆಬ್ ದೂರದರ್ಶಕದ ಕನ್ನಡಿ ಆರೂವರೆ ಮೀಟರ್ ಅಗಲ, ಅದನ್ನು ಹೊತ್ತ ರಾಕೆಟ್ಟಿನ ಮೂತಿ ಐದೂವರೆ ಮೀಟರಿಗೂ ಕಮ್ಮಿ. ಅದಕ್ಕೆ 18 ತುಂಡುಗಳಲ್ಲಿ ಕನ್ನಡಿ ಮಾಡಿ, ಎರಡು ಬದಿ ಹಿಂದಕ್ಕೆ ಮಡಚಿ, 2021ರ ಕ್ರಿಸ್‌ಮಸ್ ದಿನ ಕಳಿಸಿದರು. ಟೆನಿಸ್ ಅಂಗಳದಷ್ಟು ದೊಡ್ಡ ಬಿಸಿಲು ತಡೆಯುವ ಪರದೆಯೂ ಅದೇ ಕಟ್ಟಿನಲ್ಲಿ ಹೋಯಿತು. ದಾರಿಯಲ್ಲಿ ಒಂದೊಂದೇ ಬಿಚ್ಚಿಕೊಳ್ಳುತ್ತಾ ಹೋಗುವಾಗ ಒಂದು ಕೀಲು ಸಿಕ್ಕಿಹಾಕಿಕೊಂಡಿದ್ದರೂ ಹೋಗಿ ಬಿಡಿಸುವವರು ಯಾರೂ ಇರಲಿಲ್ಲ.

ಅಷ್ಟು ದೂರ ಯಾಕೆ? 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದದ್ದನ್ನು ಈ ಮಕ್ಕಳೂ ನೋಡಿದ್ದಾರೆ. ಅದರಲ್ಲಿ ಹೀಗೆ ಬಿಚ್ಚಿಕೊಳ್ಳುವ ಏರ್ಪಾಡುಗಳೇ ಒಟ್ಟು 26 ಇದ್ದವು. ಅವನ್ನು ಮಾಡಿದ್ದು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರ. ಇಳಿದ ನೌಕೆ ವಿಕ್ರಮ್‌ನ ಹೊಟ್ಟೆಯಿಂದ ಎರಡು ಮಡಿಕೆಯ ಇಳಿಜಾರು ಹಲಗೆ ಬಿಚ್ಚಿತು. 26 ಕಿಲೋ ತೂಕದ ರೋವರ್ ಪ್ರಜ್ಞಾನ್ ತನ್ನ ಸೋಲಾರ್ ಹಲಗೆ ಬಿಡಿಸಿಕೊಂಡು, ಆರು ಚಕ್ರದಲ್ಲಿ ಮೆಲ್ಲಗೆ ಕೆಳಗೆ ಇಳಿಯಿತು. ಅಕ್ಕನ ಮಗ ಇಷ್ಟನ್ನೂ ಕೇಳಿಸಿಕೊಂಡು, "ಆದ್ರೆ ಅದಕ್ಕೆ ಕೈಕಾಲು ಬರಲಿಲ್ಲವಲ್ಲ" ಅಂದ. ಸರಿಯಾದ ಮಾತು.

ಡಬ್ಬದಲ್ಲಿದ್ದ ರೋವರಿಗೂ ಆರು ಚಕ್ರ. ನಡುವಿನ ಎರಡು ಚಕ್ರ ಭುಜವಾಗುತ್ತವೆ, ಮುಂದಿನವು ಮುಷ್ಟಿ, ಹಿಂದಿನವು ಪಾದ. ಕ್ಯಾಮೆರಾ ಕಂಬವೇ ಕತ್ತು ಮತ್ತು ತಲೆ. ಮಿಕ್ಕಿದ್ದು ಶೂನ್ಯ. ಪಾದ ಅಗಲವಾಗಿರುವುದರಿಂದ ನಮ್ಮ ಜಗಲಿಯ ಓರೆಕೋರೆ ನೆಲದ ಮೇಲೂ ನಿಲ್ಲುತ್ತದೆ. ಚಕ್ರಗಳೂ ಸುಳ್ಳಲ್ಲ, ನೂಕಿದರೆ ಉರುಳುತ್ತವೆ. ಅಕ್ಕನ ಮಗಳು ಇದನ್ನು ಕೈಗೆ ತೆಗೆದುಕೊಂಡವಳು ಆಮೇಲೆ ಯಾರಿಗೂ ಕೊಡಲಿಲ್ಲ.

ಅವಳಿಗೆ ಸೋರಾ-ಕ್ಯೂ ಕತೆ ಹೇಳಿದೆ. ಇಂಥ ಆಟಿಕೆಗಳ ಸಂಸಾರದಿಂದಲೇ ಒಂದು ಕೂಸು ನಿಜವಾಗಿ ಚಂದ್ರನಿಗೆ ಹೋಗಿಬಂದಿದೆ. ಹೋಗಿ ಅಲ್ಲೇ ಉಳಿದಿದೆ ಅನ್ನಬೇಕು. ಅದೇ ಹಳೇ ತಕಾರ 2006ರಲ್ಲಿ ತೋಮಿ ಎಂಬ ಇನ್ನೊಂದು ಆಟಿಕೆ ಕಂಪನಿಯ ಜೊತೆ ಸೇರಿತು. ಈ ತಕಾರ ತೋಮಿ, ಜಪಾನಿನ ಬಾಹ್ಯಾಕಾಶ ಸಂಸ್ಥೆ, ಸೋನಿ, ದೋಶಿಶಾ ವಿಶ್ವವಿದ್ಯಾಲಯ ಸೇರಿ ಎಂಟು ಸೆಂಟಿಮೀಟರ್ ಅಗಲದ ಒಂದು ಚೆಂಡು ಮಾಡಿದರು. ಅದೇ ಸೋರಾ-ಕ್ಯೂ. ತೂಕ ಕಾಲು ಕಿಲೋ ಹತ್ತಿರ. ನೆಲಕ್ಕೆ ಬಿದ್ದ ಮೇಲೆ ಚೆಂಡು ಎರಡಾಗಿ ಬಿಚ್ಚಿ, ಎರಡು ಅರ್ಧಗಳೂ ಚಕ್ರಗಳಾಗಿ, ನಡುವಿನಿಂದ ಕ್ಯಾಮೆರಾ ಎದ್ದು, ಹಿಂದೆ ಒಂದು ಬಾಲ ಬರುತ್ತದೆ. ನನ್ನ ಲೆಕ್ಕದಲ್ಲಿ ನೂರಕ್ಕೆ ನೂರು. ಚೆಂಡಿನ ಯಾವ ಭಾಗವೂ ಸುಮ್ನೆ ಕೂತಿಲ್ಲ.

2024ರ ಜನವರಿ 20ರಂದು ಸ್ಲಿಮ್ ಎಂಬ ಜಪಾನಿ ನೌಕೆ ಇದನ್ನು ಹೊತ್ತು ಚಂದ್ರನ ಮೇಲೆ ಇಳಿಯಿತು. ಇಳಿಯುವ ಹೊತ್ತಿಗೆ ಅದರ ಎರಡು ಎಂಜಿನ್‌ಗಳಲ್ಲಿ ಒಂದು ಕೈಕೊಟ್ಟಿತು. ನೆಲ ಮುಟ್ಟುವ ಸ್ವಲ್ಪ ಮೊದಲು ಚೆಂಡನ್ನು ಹೊರಗೆ ಬಿಟ್ಟು, ನೌಕೆ ಮೂತಿ ಕೆಳಗಾಗಿ ಮಗುಚಿ ನಿಂತಿತು. ಹಾಗೆ ತಲೆಕೆಳಗಾಗಿ ನಿಂತದ್ದನ್ನು ಜಗತ್ತಿಗೆ ಫೋಟೋ ತೆಗೆದು ತೋರಿಸಿದ್ದು ಈ ಚೆಂಡೇ. ಕೋಟಿಗಟ್ಟಲೆ ಖರ್ಚಿನ ನೌಕೆ ಬಿತ್ತು, ಆಟಿಕೆಯವರು ಕೈಹಾಕಿದ ಚೆಂಡು ಎದ್ದು ಕೂತು ಫೋಟೋ ಹೊಡೆಯಿತು. ಅಕ್ಕನ ಮಗಳು ಇದನ್ನು ಮತ್ತೆ ಮತ್ತೆ ಹೇಳಿಸಿಕೊಂಡಳು.

ಕೊಡಗಿನವರಿಗೆ ಒಂದು ಮಾತು. ಈ ಆಟಿಕೆಗಳ ಕೀಲಿನಲ್ಲಿ ಸಣ್ಣ ಕಬ್ಬಿಣದ ಕಡ್ಡಿಗಳಿರುತ್ತವೆ. ನಮ್ಮ ಮಳೆಗಾಲದ ತೇವಕ್ಕೆ ಬೇಗ ತುಕ್ಕು ಹಿಡಿಯುತ್ತವೆ. ತೆಂಗಿನೆಣ್ಣೆ ಹಾಕಬೇಡಿ. ಇಲ್ಲಿನ ಚಳಿಗೆ ಅದು ಒಳಗೇ ಹೆಪ್ಪುಗಟ್ಟಿ, ರೋಬೋಟ್ ಕೈ ಎತ್ತಿದ್ದು ಇಳಿಸುವುದಿಲ್ಲ. ಹೊಲಿಗೆ ಮಿಷಿನ್ ಎಣ್ಣೆ ಕಡ್ಡಿಗೆ ಒಂದು ತೊಟ್ಟು ಸಾಕು.

ಕೊನೆಗೆ ಫಲಿತಾಂಶ ಘೋಷಿಸಿದೆ. ರೋವರ್ ಮೊದಲನೆಯದು, ಶಟಲ್ ಎರಡನೆಯದು, ಉಪಗ್ರಹಕ್ಕೆ ಸಮಾಧಾನಕರ ಬಹುಮಾನ. ದಸರಾ ಮಂಟಪದ ಫಲಿತಾಂಶದ ಹಾಗೆಯೇ ಕೂಡಲೇ ಜಗಳ ಶುರುವಾಯಿತು. ರಾಕೆಟ್ಟಿಗೆ ಬಹುಮಾನವೇ ಇಲ್ಲವೆಂದರೆ ಹೇಗೆ ಎಂದು ಅಕ್ಕನ ಮಗ ಅಜ್ಜಿಯ ಹತ್ತಿರ ಅಪೀಲು ಹೋದ. ಅಜ್ಜಿ ಕನ್ನಡಕ ಹಾಕಿಕೊಂಡು ಐದನ್ನೂ ತಿರುಗಿಸಿ ನೋಡಿದರು. ಅವರಿಗೆ ಹಿಡಿಸಿದ್ದು ಹಾರುವ ತಟ್ಟೆ. ಒಳಗಿನ ಗೊಂಬೆ ತೆಗೆದರೆ ಏಲಕ್ಕಿ ಹಾಕಿಡಬಹುದಂತೆ.