ಕಣ್ಣು ಮುಚ್ಚಿ ಕಂಡ ರೋಲರ್ ಕೋಸ್ಟರ್

ಕಳೆದ ವಾರ ಅಕ್ಕನ ಮಗಳ ಗೃಹಪ್ರವೇಶದಲ್ಲಿ, ಎರಡನೆಯ ಪಂಕ್ತಿಗೆ ಎಲೆ ಹಾಕುವುದು ತಡವಾಯಿತೆಂಬ ಒಂದೇ ಕಾರಣಕ್ಕೆ, ನಮ್ಮ ಭಾವನವರು ತಮ್ಮ ರೋಲರ್ ಕೋಸ್ಟರ್ ಪ್ರಸಂಗವನ್ನು ಮತ್ತೊಮ್ಮೆ ಆರಂಭಿಸಿದರು. ಅಲ್ಲಿ ಸೇರಿದ್ದವರ ಪೈಕಿ ಅದನ್ನು ಅದುವರೆಗೆ ಕೇಳದೆ ಉಳಿದಿದ್ದವನು ಪುರೋಹಿತರೊಡನೆ ಬಂದಿದ್ದ ಮಾಣಿಯೊಬ್ಬನೇ. ಈ ಸಲ ಎತ್ತರ ನಾನೂರು ಅಡಿಗೆ ಏರಿತ್ತು, ವೇಗ ಇನ್ನೂರು ಕಿಲೋಮೀಟರನ್ನು ದಾಟಿತ್ತು. ಎಲ್ಲವೂ ಮುಗಿದ ಮೇಲೆ ಅವರು ನನ್ನತ್ತ ಕೈ ತೋರಿಸಿ, "ಇವನೂ ಪಕ್ಕದಲ್ಲೇ ಕೂತಿದ್ದ, ಪಾಪ, ಹೆದರಿ ಒಂದು ಮಾತೂ ಆಡಲಿಲ್ಲ" ಎಂದರು. ಮಾಣಿ ನನ್ನನ್ನು ಕನಿಕರದಿಂದ ನೋಡಿದ. ಆ ನೋಟವನ್ನು ಅಂದಿನ ಹೋಳಿಗೆಯಾಗಲಿ, ಅದರ ಮೇಲೆ ಸುರಿದ ತುಪ್ಪವಾಗಲಿ ನನ್ನ ಗಂಟಲಿನಿಂದ ಕೆಳಗೆ ಇಳಿಸಲಿಲ್ಲ.

ನನ್ನ ಸಂಕಟ ಅರ್ಥವಾಗಬೇಕಾದರೆ, ನಮ್ಮ ಇಡೀ ಬಳಗದಲ್ಲಿ ರೋಲರ್ ಕೋಸ್ಟರನ್ನು ಮನಸಾರೆ ಪ್ರೀತಿಸುವವನು ನಾನೊಬ್ಬನೇ ಎಂಬುದು ತಿಳಿದಿರಬೇಕು. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಗೆ ಹೋದಾಗ ಉಳಿದ ಮಕ್ಕಳು ಪೀಪಿಗೂ ಬಲೂನಿಗೂ ಹಟ ಹಿಡಿಯುತ್ತಿದ್ದರೆ, ನಾನು ತೊಟ್ಟಿಲಿನ ಬುಡದಿಂದ ಕದಲುತ್ತಿರಲಿಲ್ಲ. ತೊಟ್ಟಿಲು ಮೇಲಿನಿಂದ ಇಳಿಯುವಾಗ ಹೊಟ್ಟೆಯೊಳಗೆ ಏನೋ ಖಾಲಿಯಾದಂತೆ ಆಗುತ್ತದಲ್ಲ, ಅದನ್ನು ಮನೆಯವರೆಲ್ಲ ಹೆದರಿಕೆ ಎಂದರು. ನಾನು ಅದರ ಸಲುವಾಗಿಯೇ ಇನ್ನೊಂದು ಸುತ್ತಿಗೆ ಕಾಸು ಕೇಳುತ್ತಿದ್ದೆ. ಈಗ ತಲೆ ನರೆತ ಮೇಲೂ, ಮಲಗುವ ಮುನ್ನ ಯಾವ ಯಾವುದೋ ದೇಶದ ಕೋಸ್ಟರಿನ ಮೊದಲ ಸೀಟಿನಿಂದ ಚಿತ್ರೀಕರಿಸಿದ ವಿಡಿಯೋ ಒಂದನ್ನು ನೋಡದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ. ನನ್ನ ಹೆಂಡತಿ ಇದನ್ನು ಕಾಯಿಲೆ ಎಂದೇ ತಿಳಿದಿದ್ದರೂ, ಖರ್ಚಿಲ್ಲದ ಕಾಯಿಲೆಯಾದ್ದರಿಂದ ಸಹಿಸಿಕೊಂಡಿದ್ದಾಳೆ.

ಉಳಿದವರ ಪಾಲಿಗೆ ಥೀಮ್ ಪಾರ್ಕ್ ಎಂದರೆ ಟಿಕೆಟ್ ಕೊಟ್ಟು ನೆನೆಯುವ ಜಾಗ. ಗೇಟಿನಲ್ಲಿ ಚೀಲ ಬಿಚ್ಚಿಸಿ ಚಿತ್ರಾನ್ನದ ಡಬ್ಬಿಯನ್ನೂ ಚಕ್ಕುಲಿಯ ಪೊಟ್ಟಣವನ್ನೂ ಹೊರಗಿಡಿಸುವುದು, ಅದಕ್ಕಾಗಿ ಅಕ್ಕ ಕಾವಲುಗಾರನೊಡನೆ ವಾದಕ್ಕಿಳಿಯುವುದು, ಲಾಕರಿನ ಕೀಲಿ ಯಾರ ಬಳಿ ಇರಬೇಕೆಂದು ಅರ್ಧ ಗಂಟೆ ಸಭೆ ನಡೆಯುವುದು, ಕೊನೆಗೆ ಎಲ್ಲರೂ ನೇರವಾಗಿ ಅಲೆಗಳ ಕೊಳಕ್ಕೆ ಇಳಿದು ಮಧ್ಯಾಹ್ನದವರೆಗೆ ಮೇಲೆ ಬಾರದಿರುವುದು, ಇವು ನಿಮ್ಮ ಮನೆಯಲ್ಲೂ ನಡೆಯುವಂಥವೇ ಇರಬೇಕು. ನನ್ನನ್ನು ತಬ್ಬಿಬ್ಬುಗೊಳಿಸುವುದು ರೇನ್ ಡ್ಯಾನ್ಸ್. ವರ್ಷದ ನಾಲ್ಕು ತಿಂಗಳು ಮಲೆನಾಡಿನ ಮಳೆಯಲ್ಲಿ ಪುಕ್ಕಟೆಯಾಗಿ ನೆಂದು, ಆ ಮಳೆಗೆ ಶಾಪ ಹಾಕುತ್ತ, ಒದ್ದೆ ಬಟ್ಟೆಯನ್ನು ಒಲೆಯ ಮೇಲೆ ಒಣಗಿಸುತ್ತ ಬೆಳೆದ ನನ್ನ ಸ್ವಂತ ಬಂಧುಗಳು, ಬೆಂಗಳೂರಿಗೆ ಬಂದು ಹಣ ತೆತ್ತು ಕೊಳವೆಯ ಮಳೆಯಲ್ಲಿ ಕುಣಿಯುವುದನ್ನು ನಾನು ದೂರದಲ್ಲಿ ನಿಂತು, ಅವರೆಲ್ಲರ ಚಪ್ಪಲಿ ಕಾಯುತ್ತ ನೋಡಿದ್ದೇನೆ. ಅಲ್ಲಿಂದ ನೂರು ಗಜ ದೂರದಲ್ಲಿ ರೋಲರ್ ಕೋಸ್ಟರ್ ಇರುತ್ತದೆ. ಅದರ ಸದ್ದು ಕೇಳಿದಾಗಲೆಲ್ಲ ನನ್ನ ಜೀವ ಅತ್ತ ಎಳೆಯುತ್ತದೆ.

ಭಾವನವರು ನನ್ನೊಡನೆ ಕೋಸ್ಟರ್ ಹತ್ತಿದ್ದು ಪ್ರೀತಿಯಿಂದಲೂ ಅಲ್ಲ, ಧೈರ್ಯದಿಂದಲೂ ಅಲ್ಲ, ಲೆಕ್ಕಾಚಾರದಿಂದ. ಅವರು ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತರಾದವರು. ಸೇವೆಯಲ್ಲಿದ್ದಾಗ ಒಂದು ರೂಪಾಯಿಯ ವ್ಯತ್ಯಾಸಕ್ಕೆ ಇಡೀ ಕಡತವನ್ನು ಹಿಂದಿರುಗಿಸುತ್ತಿದ್ದರೆಂದು ಅವರ ಸಹೋದ್ಯೋಗಿಗಳು ಈಗಲೂ ನಡುಗುತ್ತ ನೆನೆಯುತ್ತಾರೆ. ಪಾರ್ಕಿನ ಟಿಕೆಟ್ ದರವನ್ನು ಅವರು ತಾವು ಹತ್ತಿದ ಆಟಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಸಂಜೆಯ ಹೊತ್ತಿಗೆ ಆಟವೊಂದರ ವೆಚ್ಚ ತಾವು ಅಂದಾಜು ಮಾಡಿದ್ದಕ್ಕಿಂತ ಹೆಚ್ಚಿರುವುದು ಗೊತ್ತಾಗಿ, ಛೇದವನ್ನು ಹಿಗ್ಗಿಸುವ ಏಕೈಕ ಉದ್ದೇಶದಿಂದ, ಒದ್ದೆ ಪಂಚೆಯನ್ನು ಬದಲಿಸಿ ನನ್ನ ಹಿಂದೆ ಸಾಲಿನಲ್ಲಿ ಬಂದು ನಿಂತರು.

ಅಲ್ಲಿದ್ದದ್ದು ಬೂಮರಾಂಗ್ ಎಂಬ ಮಾದರಿ. ಹಾಲೆಂಡಿನ ವೆಕೋಮಾ ಕಂಪನಿ 1980ರ ದಶಕದಿಂದ ಜಗತ್ತಿನ ನಾನಾ ಪಾರ್ಕುಗಳಿಗೆ ಕೊಟ್ಟ ಈ ಕೋಸ್ಟರಿನಲ್ಲಿ ಹಳಿ ಸುತ್ತಿ ಬಂದು ಕೂಡಿಕೊಳ್ಳುವುದಿಲ್ಲ. ಅದರ ಎರಡೂ ತುದಿಗಳು ಆಕಾಶದತ್ತ ಮುಖ ಮಾಡಿ ನಿಂತಿರುತ್ತವೆ. ಆದ್ದರಿಂದ ಒಂದೇ ಒಂದು ರೈಲು ಓಡಬಹುದು. ಅದರಲ್ಲಿ 28 ಜನ ಕೂರುತ್ತಾರೆ, ಅವರು ಇಳಿಯುವವರೆಗೆ ಉಳಿದವರು ಕಾಯುತ್ತಾರೆ. ಎರಡು ನಿಮಿಷವೂ ತುಂಬದ ಸುಖಕ್ಕೆ ಒಂದು ಗಂಟೆ ನಿಲ್ಲುವುದು ನನಗೆ ಹೊಸದಲ್ಲವಾದ್ದರಿಂದ, ನಾನು ಆ ಸಮಯವನ್ನು ಭಾವನವರಿಗೆ ಕೋಸ್ಟರಿನ ವಿವರ ಹೇಳಲು ಬಳಸಿದೆ. ಅವರು ಆ ಸಮಯವನ್ನು ಸೂಚನಾ ಫಲಕ ಓದಲು ಬಳಸಿದರು. ಹೃದಯದ ತೊಂದರೆ, ರಕ್ತದೊತ್ತಡ, ಬೆನ್ನುನೋವು, ಗರ್ಭಿಣಿಯರು ಎಂದು ಮೇಲಿನಿಂದ ಕೆಳಗೆ ಬೆರಳಿಟ್ಟು ಓದಿ, ತಮಗೆ ಅನ್ವಯಿಸುವಂಥದ್ದು ಒಂದೂ ಸಿಗಲಿಲ್ಲವೆಂದು ಬೇಸರಪಟ್ಟರು.

ನಾವು ಕೊನೆಯ ಸಾಲಿನಲ್ಲಿ ಕುಳಿತೆವು. ಬೂಮರಾಂಗಿನ ಮೊದಲ ಗೋಪುರದಲ್ಲಿ ಅದೇ ಅತಿ ಎತ್ತರಕ್ಕೆ ಹೋಗುವ ಸಾಲು ಎಂಬುದು ಅಭಿಮಾನಿಗಳಿಗೆ ಗೊತ್ತಿರುವ ಗುಟ್ಟು. ಭುಜದ ಮೇಲಿನ ತಡೆಗಂಬಿಯನ್ನು ಹುಡುಗ ಬಂದು ಒತ್ತಿ ನೋಡಿದ ಮೇಲೂ ಭಾವನವರು ಅವನನ್ನು ಹಿಂದೆ ಕರೆದು, "ತಮ್ಮಾ, ಇನ್ನೊಂದ್ಸಲ ನೋಡಪ್ಪ" ಎಂದರು. ಅವನು ನೋಡಿದ. "ನೀನು ನೋಡಿದ್ದಕ್ಕೆ ಮೇಲಿನವರು ಯಾರಾದರೂ ನೋಡ್ತಾರೋ?" ಎಂದು ಕೇಳಿದರು. ಅವನು ತಲೆಯಾಡಿಸಿ ಮುಂದೆ ಹೋದ. ಆ ಕ್ಷಣದಲ್ಲಿ, ರೈಲು ಒಂದು ಅಂಗುಲವೂ ಅಲುಗುವ ಮುನ್ನ, ಅವರು ನನ್ನ ಮಣಿಕಟ್ಟನ್ನು ಹಿಡಿದು ಕಣ್ಣು ಮುಚ್ಚಿದರು. ಕೇಬಲ್ಲು ನಮ್ಮನ್ನು ಹಿಮ್ಮುಖವಾಗಿ ಗೋಪುರಕ್ಕೆ ಎಳೆಯುತ್ತ ಹೋಯಿತು. ಮುಖ ಕೆಳಗಾಗಿ, ಪಾರ್ಕಿನ ಮರಗಳೂ ಆಚೆಯ ಹೆದ್ದಾರಿಯೂ ಪಾದಗಳ ಸುತ್ತ ಹರಡಿಕೊಂಡವು. ಅವರು "ಓಂ ನಮಃ ಶಿವಾಯ" ಎಂದು ಮೆಲ್ಲಗೆ ಜಪಿಸತೊಡಗಿದರು. ಹಲವು ಸಲ ಜಪ ಸುಸೂತ್ರವಾಗಿ ನಡೆಯಿತು. ಮುಂದಿನ ಸಲ ಅವರು "ಶಿವಾ" ಎನ್ನುವಷ್ಟರಲ್ಲಿ ಕೊಂಡಿ ಕಳಚಿತು. ಆ "ವಾ" ಎಂಬ ಅಕ್ಷರ ನಿಲ್ದಾಣವನ್ನು ಹಾಯ್ದು, ಎರಡು ತಿರುಚುಗಳಲ್ಲಿ ತಲೆಕೆಳಗಾಗಿ, ಲೂಪನ್ನು ಹತ್ತಿಳಿದು, ಎದುರಿನ ಗೋಪುರವನ್ನೇರಿ, ಅಲ್ಲಿಂದ ಅದೇ ಹಾದಿಯಲ್ಲಿ ಮರಳಿ ಬಂದಿತು. ಉಳಿದ "ಯ" ಹೊರಬಿದ್ದದ್ದು ಬ್ರೇಕು ಹಿಡಿದ ಮೇಲೆ. ಒಂದೇ ಉಸಿರಿನಲ್ಲಿ ಅಷ್ಟು ಹೊತ್ತು ಎಳೆಯುವುದು ಸಂಗೀತಗಾರರಿಗೂ ಸುಲಭವಲ್ಲ. ಲೂಪಿನ ನೆತ್ತಿಯಲ್ಲಿ ನಾನು ಕತ್ತು ಹೊರಳಿಸಿ ನೋಡಿದೆ: ಅವರ ಕಣ್ಣು ಮುಚ್ಚಿಯೇ ಇದ್ದವು, ಹುಬ್ಬುಗಳು ಸಹ ಅವುಗಳ ಮೇಲೆ ಬೀಗ ಹಾಕಿದ್ದವು. ನಾನು ಮಾತಾಡದಿದ್ದದ್ದು ನಿಜ. ಸುಖವಾಗಿದ್ದಾಗ ನಾನು ಮಾತಾಡುವುದಿಲ್ಲ.

ಇಳಿದ ಮೇಲೆ ಬೆಂಚಿನ ಮೇಲೆ ಬಹಳ ಹೊತ್ತು ಕುಳಿತಿದ್ದ ಅದೇ ಮನುಷ್ಯರು, ಕಾರು ಕೆಂಗೇರಿ ತಲುಪುವಷ್ಟರಲ್ಲಿ ಆ ಪ್ರಯಾಣದ ಏಕೈಕ ಪ್ರತ್ಯಕ್ಷದರ್ಶಿಯಾಗಿ ಬಿಟ್ಟಿದ್ದರು. ಅವರ ವರ್ಣನೆಯ ಪ್ರಕಾರ ನಾವು ಮುಂದಕ್ಕೆ ಹೋಗಿ, ದೂರದಲ್ಲೆಲ್ಲೋ ಯು-ಟರ್ನ್ ಹೊಡೆದು ವಾಪಸು ಬಂದೆವು. ಅರ್ಧ ದಾರಿಯನ್ನು ಹಿಮ್ಮುಖವಾಗಿ ಕ್ರಮಿಸಿದ್ದು ಅವರಿಗೆ ಇಂದಿಗೂ ತಿಳಿದಿಲ್ಲ. "ಭಾವ, ನಾವು ಬೆನ್ನು ಮುಂದಾಗಿ ಬಂದ್ವಿ" ಎಂದು ಒಮ್ಮೆ ಹೇಳಿದ್ದಕ್ಕೆ, "ನಿನಗೆ ತಲೆ ತಿರುಗಿತ್ತು, ಹಾಗನ್ನಿಸಿರಬೇಕು" ಎಂದು ನನ್ನನ್ನೇ ಸಮಾಧಾನಪಡಿಸಿದರು.

ಇಂಜಿನ್ನು ಬಹಳ ಬಲವಾದದ್ದಾಗಿತ್ತಂತೆ. ರೈಲಿಗೆ ಇಂಜಿನ್ನೇ ಇಲ್ಲ. ಎತ್ತರಕ್ಕೆ ಎಳೆದು ಬಿಟ್ಟ ಮೇಲೆ ಎಲ್ಲವೂ ಭೂಮಿಯ ಸೆಳೆತದ ಕೆಲಸ. ಗಾಳಿಯೂ ಚಕ್ರದ ತಿಕ್ಕಾಟವೂ ತಮ್ಮ ಪಾಲು ವಸೂಲು ಮಾಡುವುದರಿಂದ ಎದುರಿನ ಗೋಪುರದಲ್ಲಿ ರೈಲು ಮೊದಲಿನ ಎತ್ತರವನ್ನು ಮುಟ್ಟಲಾರದು. ಆ ಕೊರತೆಯನ್ನು ತುಂಬಲೆಂದೇ ಅಲ್ಲಿ ಸರಪಳಿಯೊಂದು ಕಾದಿರುತ್ತದೆ. ಜಮಾ ಖರ್ಚು ಬಲ್ಲವರಿಗೆ ಇಷ್ಟು ಅರ್ಥವಾಗಬೇಕಿತ್ತು. ಇನ್ನು, ತಲೆಕೆಳಗಾದಾಗ ಬೀಳದಂತೆ ಬೆಲ್ಟು ರೈಲನ್ನು ಹಿಡಿದಿತ್ತಂತೆ! ಬೆಲ್ಟು ಹಿಡಿಯುವುದು ಮನುಷ್ಯರನ್ನು. ರೈಲನ್ನು ಹಿಡಿಯುವುದು ಹಳಿಯ ಮೇಲೆ, ಪಕ್ಕದಲ್ಲಿ ಮತ್ತು ಅಡಿಯಲ್ಲಿ ಓಡುವ ಮೂರು ಬಗೆಯ ಚಕ್ರಗಳು. ಆ ಅಡಿಯ ಚಕ್ರಕ್ಕೆ ಅಮೆರಿಕದ ಜಾನ್ ಮಿಲ್ಲರ್ 1919ರಲ್ಲೇ ಪೇಟೆಂಟ್ ಪಡೆದಿದ್ದ.

ಲೂಪು ಬಳೆಯ ಹಾಗೆ ದುಂಡಗಿತ್ತು ಎನ್ನುವಾಗ ಮಾತ್ರ ನನಗೆ ತಡೆಯಲಾಗುವುದಿಲ್ಲ. ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ 1895ರಲ್ಲಿ ನಿಜವಾಗಿಯೂ ದುಂಡಗಿನ ಲೂಪೊಂದನ್ನು ಕಟ್ಟಿದ್ದರು, ಜನ ಅದರಿಂದ ಕುತ್ತಿಗೆ ಹಿಡಿದುಕೊಂಡು ಇಳಿಯುತ್ತಿದ್ದರು. ದುಂಡಗಿನ ಸುರುಳಿಗೆ ಪ್ರವೇಶಿಸಿದ ಕೂಡಲೇ ಮೈಮೇಲೆ ಭಾರ ಒಮ್ಮೆಲೇ ಬಡಿಯುವುದೇ ಅದಕ್ಕೆ ಕಾರಣ. ಬುಡದಲ್ಲಿ ಅಗಲ, ನೆತ್ತಿಯಲ್ಲಿ ಬಿಗಿ ಎಂಬಂತೆ ತಿರುವಿದ ಹನಿಯಾಕಾರದ ಲೂಪನ್ನು ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗೆಲ್ ರೂಪಿಸಿ, ಅದು 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಪಾರ್ಕಿನಲ್ಲಿ ಓಡತೊಡಗಿದ ಮೇಲೆಯೇ ಮನುಷ್ಯರು ನೆಮ್ಮದಿಯಿಂದ ತಲೆಕೆಳಗಾದದ್ದು. ಇದನ್ನೆಲ್ಲ ಒಂದು ನಾಮಕರಣದಲ್ಲಿ ವಿವರಿಸಲು ಹೋದಾಗ, ಅಕ್ಕ ನನ್ನ ಕೈಗೆ ಪಾಯಸದ ಲೋಟ ಕೊಟ್ಟು ಸುಮ್ಮನಾಗಿಸಿದಳು. ನಿಜವಾದ ಎತ್ತರ ಸುಮಾರು 120 ಅಡಿ, ವೇಗ ಗಂಟೆಗೆ 75 ಕಿಲೋಮೀಟರಿನ ಆಸುಪಾಸು. ಹೋಗುವಾಗ ಮೂರು, ಬರುವಾಗ ಮೂರು, ಒಟ್ಟು ಆರು ಸಲ ತಲೆಕೆಳಗಾದೆವು ಎಂಬ ಒಂದು ಸಂಖ್ಯೆ ಮಾತ್ರ ಅವರ ಕತೆಯಲ್ಲಿ ಎಂದೂ ಬದಲಾಗದೆ ಸರಿಯಾಗಿಯೇ ಉಳಿದಿದೆ, ಏಕೆಂದರೆ ಅದನ್ನು ಸಾಲಿನಲ್ಲಿ ನಿಂತಾಗ ಹೇಳಿದವನು ನಾನು.

ಸಾಕ್ಷ್ಯವಿಲ್ಲವೆಂದಲ್ಲ. ಹೊರಬರುವ ದಾರಿಯಲ್ಲಿ, ರೈಲು ಧುಮುಕುವಾಗ ತೆಗೆದ ಫೋಟೋಗಳನ್ನು ಪರದೆಯ ಮೇಲೆ ತೋರಿಸಿ ಮಾರುತ್ತಾರೆ. ನಮ್ಮದರಲ್ಲಿ ನಾನು ಕಣ್ಣರಳಿಸಿ ನಗುತ್ತಿದ್ದೇನೆ. ಭಾವನವರು ಕಣ್ಣು ಮುಚ್ಚಿ ಬಾಯಿ ತೆರೆದಿದ್ದಾರೆ. ಜಗತ್ತಿಗೆ ಸತ್ಯ ತಿಳಿಯಲೆಂದು ಅದನ್ನು ಕೊಂಡವನು ನಾನು, ಮನೆಗೆ ಒಯ್ದು ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದವರು ಅವರು. ಬಂದವರು ಕೇಳಿದರೆ, "ಫ್ಲ್ಯಾಶ್ ಬಂತು ನೋಡಿ, ಅದೊಂದೇ ಸಲ ರೆಪ್ಪೆ ಮಿಟುಕಿಸಿದ್ದು" ಎನ್ನುತ್ತಾರೆ. ನನ್ನ ನಗುವಿನ ಬಗ್ಗೆಯೂ ಅವರಲ್ಲಿ ವಿವರಣೆ ಇದೆ. ವಿಪರೀತ ಹೆದರಿದಾಗ ಕೆಲವರಿಗೆ ಹಾಗಾಗುತ್ತದಂತೆ.

ಇವರ ಮಗ ನ್ಯೂಜೆರ್ಸಿಯಲ್ಲಿದ್ದಾನೆ ಎಂಬುದನ್ನು ಹೇಳದೆ ಬಿಟ್ಟರೆ ನನ್ನ ದೂರು ಪೂರ್ತಿಯಾಗುವುದಿಲ್ಲ. ಆ ರಾಜ್ಯದ ಜ್ಯಾಕ್ಸನ್ ಎಂಬಲ್ಲಿ 2005ರಿಂದ ಕಿಂಗ್ಡಾ ಕಾ ಎಂಬ ಕೋಸ್ಟರಿತ್ತು: 139 ಮೀಟರ್ ಎತ್ತರ, ನಿಂತಲ್ಲಿಂದ ಮೂರೂವರೆ ಸೆಕೆಂಡಿನಲ್ಲಿ ಗಂಟೆಗೆ 206 ಕಿಲೋಮೀಟರ್ ವೇಗ. ಅಕ್ಕ ಮತ್ತು ಭಾವ ಮಗನ ಮನೆಗೆ ಹೋಗಿದ್ದಾಗ ಅವನು ಇಬ್ಬರನ್ನೂ ಆ ಪಾರ್ಕಿಗೆ ಕರೆದೊಯ್ದ. ನನ್ನ ಹುಚ್ಚು ಅವರಿಗೆ ಗೊತ್ತಿದ್ದರಿಂದ ಫೋನಿಗೆ ಒಂದು ಚಿತ್ರ ಬಂತು. ಅದರಲ್ಲಿ ಅಕ್ಕ ಐಸ್‌ಕ್ರೀಮ್ ಹಿಡಿದು ನಿಂತಿದ್ದಾಳೆ, ಹಿಂದೆ ಹಸಿರು ಹಳಿಯ ಬುಡ ಕಾಣುತ್ತದೆ, ಮೇಲಿನ ನೂರಕ್ಕೂ ಹೆಚ್ಚು ಮೀಟರನ್ನು ಭಾವನವರು ಚೌಕಟ್ಟಿನಿಂದ ಹೊರಗೆ ಬಿಟ್ಟಿದ್ದಾರೆ. ಎಂದಾದರೂ ಅಲ್ಲಿಗೆ ಹೋದೇನು, ಆ ತುದಿಯಲ್ಲಿ ಒಂದು ಗಳಿಗೆ ತೂಗಿದೇನು ಎಂದು ಆಸೆ ಇಟ್ಟುಕೊಂಡಿದ್ದೆ. 2024ರ ನವೆಂಬರಿನಲ್ಲಿ ಅದನ್ನು ಮುಚ್ಚಿದರು. 2025ರ ಫೆಬ್ರವರಿಯಲ್ಲಿ ಸ್ಫೋಟಕವಿಟ್ಟು ಕೆಡವಿದರು. ಗೋಪುರ ಓರೆಯಾಗಿ ಕುಸಿಯುವ ವಿಡಿಯೋವನ್ನು ನಾನು ಒಂದೇ ಸಲ ನೋಡಿದ್ದೇನೆ. ಅಕ್ಕನ ಐಸ್‌ಕ್ರೀಮಿನ ಚಿತ್ರವನ್ನು ಅಳಿಸಲು ಮಾತ್ರ ಮನಸ್ಸು ಬಂದಿಲ್ಲ. ಹೋಗಬೇಕೆಂದುಕೊಂಡವುಗಳ ಪಟ್ಟಿ ಹೀಗೆ ಆ ಕಡೆಯಿಂದಲೂ ಸವೆಯುತ್ತಿದೆ, ಈ ಕಡೆಯಿಂದಲೂ. ಮೊನ್ನೆ ವೈದ್ಯರು ನನ್ನ ತೋಳಿನ ಪಟ್ಟಿ ಬಿಚ್ಚುತ್ತ "ಬಾರ್ಡರಿನಲ್ಲಿದೆ" ಎಂದರು. ಕೋಸ್ಟರ್ ಹತ್ತಿಸುವ ಹುಡುಗರು ನನ್ನ ತಲೆ ನೋಡಿ, "ಅಂಕಲ್, ಬಿ.ಪಿ. ಏನೂ ಇಲ್ವಲ್ಲ?" ಎನ್ನಲು ಆರಂಭಿಸಿದ್ದಾರೆ. ಹತ್ತು ವರ್ಷ ದೊಡ್ಡವರಾದ ಭಾವನವರ ರಕ್ತದೊತ್ತಡ ಕಾಲೇಜು ಹುಡುಗರದರಂತಿದೆ.

ಈ ವರ್ಷದ ಕೊನೆಗೆ ಪುಣೆಯಲ್ಲಿ ಬಳಗದ ಮದುವೆಯೊಂದಿದೆ. ಅಲ್ಲಿಂದ ಮುಂಬೈ ಕಡೆ ಹೋಗುವಾಗ ಖೋಪೋಲಿಯ ಬಳಿ ಇಮ್ಯಾಜಿಕಾ ಸಿಗುತ್ತದೆ. ಅಲ್ಲಿ 2013ರಿಂದ ಓಡುತ್ತಿರುವ ನೈಟ್ರೋ ನಮ್ಮ ದೇಶದ ಕೋಸ್ಟರ್ ಅಭಿಮಾನಿಗಳ ಪಾಲಿನ ಯಾತ್ರಾಸ್ಥಳ. ಸ್ವಿಟ್ಜರ್ಲೆಂಡಿನವರು ಮಾಡಿದ ಅದು 40 ಮೀಟರ್ ಎತ್ತರಕ್ಕೇರಿ, ಗಂಟೆಗೆ 105 ಕಿಲೋಮೀಟರ್ ವೇಗದಲ್ಲಿ ಧುಮುಕಿ, ಐದು ಸಲ ತಲೆಕೆಳಗು ಮಾಡುತ್ತದೆ. ರೈಲಿಗೆ ತಳವೇ ಇಲ್ಲದ್ದರಿಂದ ಕಾಲುಗಳು ಹಳಿಯ ಮೇಲೆ ಜೋತಾಡುತ್ತವೆ. ಈ ವಿಷಯ ಹೇಗೋ ಭಾವನವರ ಕಿವಿಗೆ ಬಿದ್ದು, ನಿನ್ನೆ ಬೆಳಿಗ್ಗೆಯೇ ಫೋನು ಬಂತು. ಒಂದು ಸಾಲಿನಲ್ಲಿ ನಾಲ್ಕು ಜನ ಕೂರಬಹುದೆಂದು ಕೇಳಿ ತಿಳಿದುಕೊಂಡು, ನನ್ನನ್ನು ತಮ್ಮ ಪಕ್ಕದ ಸೀಟಿಗೆ ಹಾಕಿದ್ದಾರೆ, "ನಿನಗೂ ಧೈರ್ಯಕ್ಕೆ ಯಾರಾದರೂ ಬೇಕಲ್ಲ." ಕೂರುವುದಾದರೆ ಮೊದಲ ಸಾಲಿನಲ್ಲೇ ಕೂರಬೇಕಂತೆ. ಮೊದಲ ಸಾಲಿಗೆ ಎಲ್ಲ ಕಡೆಯೂ ನೂಕುನುಗ್ಗಲು ಹೆಚ್ಚು, ಇನ್ನೂ ಅರ್ಧ ಗಂಟೆ ಜಾಸ್ತಿ ನಿಲ್ಲಬೇಕಾದೀತು ಎಂದೆ.

"ನಿಲ್ಲೋಣ ಬಿಡು, ಅಲ್ಲಿಂದ ನೋಟ ಚೆನ್ನಾಗಿರ್ತದಂತೆ" ಎಂದರು.