ನಮ್ಮ ತೋಟದ ಮಳೆ ಲೆಕ್ಕ ಎಚ್ಚರಿಕೆಗೂ ಬರಲಿ

1999ರಲ್ಲಿ ಒಡಿಶಾಕ್ಕೆ ಬಡಿದ ಚಂಡಮಾರುತದಲ್ಲಿ ಸುಮಾರು 10 ಸಾವಿರ ಜನ ಸತ್ತರು. 2019ರಲ್ಲಿ ಫನಿ ಬಂದಾಗ ಅದೇ ರಾಜ್ಯದಲ್ಲಿ ಸತ್ತವರು 64. ಗಾಳಿ ಸಣ್ಣದಿರಲಿಲ್ಲ, ಪುರಿ ಹತ್ತಿರ ಗಂಟೆಗೆ 175 ಕಿ.ಮೀ. ವೇಗ ಇತ್ತು. ಉಪಗ್ರಹ, ರಾಡಾರ್ ಸುಧಾರಿಸಿದ್ದು ನಿಜ. ಆದರೆ ಜೀವ ಉಳಿಸಿದ್ದು ಅದಷ್ಟೇ ಅಲ್ಲ. ಗಾಳಿ ಬರುವ ಮೊದಲೇ ಸುಮಾರು 12 ಲಕ್ಷ ಜನರನ್ನು ಮನೆಯಿಂದ ಹೊರಡಿಸಿದ್ದರು. ಹೋಗಲು ಗಟ್ಟಿ ಕಟ್ಟಡಗಳಿದ್ದವು. ಬಾಗಿಲು ಬಡಿಯಲು ಊರಿನವರೇ ಇದ್ದರು.

ಕೊಡಗಿನಲ್ಲಿ ಕೂತು ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ನಮಗೆ ಸಮುದ್ರ ಇಲ್ಲ, ಬರೆ ಇದೆ, ಅಂದರೆ ಗುಡ್ಡದ ಕಡಿದಾದ ಇಳಿಜಾರು. 2018ರ ಆಗಸ್ಟ್‌ನಲ್ಲಿ ಬರೆ ಜರಿದದ್ದು ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲುವಿನಲ್ಲಿ. 2019ರಲ್ಲಿ ತೋರ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಇಷ್ಟಾದರೂ ನಮಗೆ ಸಿಗುವ ಎಚ್ಚರಿಕೆ ಹೆಚ್ಚಾಗಿ ಇಡೀ ಜಿಲ್ಲೆಗೆ ಒಂದೇ: ರೆಡ್ ಅಲರ್ಟ್. ಕುಶಾಲನಗರದ ಮಳೆಯೂ ಭಾಗಮಂಡಲದ ಮಳೆಯೂ ಒಂದೇನಾ? ಶಾಲೆಗೆ ರಜೆ ಸಿಗುತ್ತದೆ. ಬರೆ ಕೆಳಗಿನ ಮನೆಯವರು ಆ ರಾತ್ರಿ ಎಲ್ಲಿ ಮಲಗಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಬರೆ ಜರಿಯುವುದು ಹೆಚ್ಚಾಗಿ ಒಂದೇ ದಿನದ ಮಳೆಯಿಂದ ಅಲ್ಲ. ನಾಲ್ಕೈದು ದಿನ ನೀರು ಕುಡಿದು ಮಣ್ಣು ಭಾರವಾಗಿರುತ್ತದೆ. ರಸ್ತೆಗೋ ಹೋಂಸ್ಟೇಗೋ ಬುಡ ಕಡಿದಿದ್ದರೆ ತಡೆದು ನಿಲ್ಲಿಸಲು ಕೆಳಗೆ ಏನೂ ಇರುವುದಿಲ್ಲ. ಹಾಗಾಗಿ ಆಯಾ ಊರಿನಲ್ಲಿ ಒಟ್ಟು ಎಷ್ಟು ಸುರಿದಿದೆ ಅನ್ನುವ ಲೆಕ್ಕ ಬೇಕು. ಆ ಲೆಕ್ಕ ನಮ್ಮ ಹತ್ತಿರವೇ ಇದೆ! ಎಷ್ಟೋ ತೋಟಗಳಲ್ಲಿ ಅಜ್ಜನ ಕಾಲದಿಂದ ಮಳೆಯ ಇಂಚು, ಸೆಂಟು (ಇಂಚಿನ ನೂರರಲ್ಲಿ ಒಂದು ಪಾಲು) ಬರೆದಿಟ್ಟ ಪುಸ್ತಕಗಳಿವೆ. ಈಗ ಬೆಳಿಗ್ಗೆ ಎದ್ದರೆ ವಾಟ್ಸಾಪ್‌ನಲ್ಲಿ 'ನಮ್ಮಲ್ಲಿ 4 ಇಂಚು 20 ಸೆಂಟು' ಅಂತ ಬರುತ್ತದೆ. ಅದು ಅಲ್ಲಿಗೇ ನಿಲ್ಲುತ್ತದೆ, ಅದೇ ನನಗೆ ಸಂಕಟ. ಪಕ್ಕದ ವಯನಾಡಿನಲ್ಲಿ ಹ್ಯೂಮ್ ಸೆಂಟರ್ ಎಂಬ ಸಂಶೋಧನಾ ಸಂಸ್ಥೆಯವರು ಇಂಥ ಮಳೆಮಾಪಕಗಳನ್ನೇ ಜೋಡಿಸಿ, 2024ರ ಜುಲೈ 30ರ ಭೂಕುಸಿತ ದುರಂತಕ್ಕೆ ಹಿಂದಿನ ದಿನವೇ ಎಚ್ಚರಿಕೆ ಕೊಟ್ಟಿದ್ದರು. ಆದರೂ ನೂರಾರು ಜನ ಹೋದರು. ಲೆಕ್ಕ ಇದ್ದರೂ ಸಾಲದು, ಜನರನ್ನು ಹೊರಡಿಸುವವರೂ ಬೇಕು.

ಹೊರಡಿಸುವುದು ಸುಲಭ ಅಲ್ಲ, ಒಪ್ಪುತ್ತೇನೆ. ಎರಡು ಸಲ ಹೋಗಿ ಏನೂ ಆಗದೆ ವಾಪಸ್ ಬಂದವರು ಮೂರನೇ ಸಲ ಅಲುಗುವುದಿಲ್ಲ. ಏನೂ ಆಗದ ರಾತ್ರಿಗಳೂ ಇರುತ್ತವೆ ಅಂತ ಮೊದಲೇ ಹೇಳಿಡಬೇಕು. ಕೊಟ್ಟಿಗೆಯಲ್ಲಿ ಹಸು ಬಿಟ್ಟು ಯಾರು ಹೋಗುತ್ತಾರೆ? ಬಾಂಗ್ಲಾದೇಶದವರು ದನಗಳಿಗಾಗಿಯೇ ಎತ್ತರದ ಮಣ್ಣಿನ ದಿಬ್ಬ ಕಟ್ಟಿದರು, ಚಂಡಮಾರುತ ಬಂದಾಗ ಅವನ್ನು ಅಲ್ಲಿಗೆ ಹೊಡೆದುಕೊಂಡು ಹೋಗಲಿಕ್ಕೆ. ಇನ್ನು ತೋಟದ ಕೆಲಸಗಾರರು ಇರುವ ನಮ್ಮ ಲೈನ್‌ಮನೆಗಳಲ್ಲಿ ಅಸ್ಸಾಂನಿಂದ ಬಂದವರಿದ್ದಾರೆ. ಕನ್ನಡದ ಮೆಸೇಜ್ ಅವರಿಗೆ ಏನು ಅರ್ಥವಾಗಬೇಕು? ಮೇಸ್ತ್ರಿಯೇ ಹೋಗಿ ಎಬ್ಬಿಸಬೇಕು.

ಮಳೆಗಾಲಕ್ಕೆ ಮೊದಲಿನ ಗ್ರಾಮಸಭೆಯಲ್ಲಿ ಇಷ್ಟನ್ನಾದರೂ ಕೇಳೋಣ. ನಮ್ಮೂರ ಮಳೆ ಲೆಕ್ಕ ದಿನಾ ಯಾರಿಗೆ ಹೋಗುತ್ತದೆ? ಎಷ್ಟು ಇಂಚು ದಾಟಿದರೆ ಯಾವ ಮನೆಗಳು ಖಾಲಿಯಾಗಬೇಕು? ಬಾಗಿಲು ಬಡಿಯುವವರು ಯಾರು, ದನಗಳನ್ನು ಎಲ್ಲಿ ಕಟ್ಟುವುದು?