ಭಕ್ತಿ ಸೋಮವಾರವೂ ಬೇಕು
ಕ್ರೈಸ್ತರು ಘನತೆಯಿಂದ ಬಾಳುವುದರ ಬಗ್ಗೆ ಬರೆದ ಲೇಖನ ಚೆನ್ನಾಗಿದೆ. ಆದರೆ ಕ್ರೈಸ್ತನ ಘನತೆ ಅಂದರೆ ತಪ್ಪದೆ ಆರಾಧನೆಗೆ ಹೋಗುವುದು, ಮೈತುಂಬ ಬಟ್ಟೆ ಹಾಕುವುದು ಎಂಬಲ್ಲಿಗೇ ನಿಲ್ಲಿಸಿದ್ದು ನನಗೆ ಸಾಲದು ಅನಿಸಿತು. ಭಕ್ತಿಯಿಂದ, ಗೌರವದಿಂದ ಬಾಳುವ ಬಗ್ಗೆ ಅಪೊಸ್ತಲ ಪೌಲ ತನ್ನ ಜೊತೆಗಾರ ತಿಮೊಥೆಯನಿಗೆ ಬರೆದ ಮಾತನ್ನು (ಬೈಬಲ್, 1 ತಿಮೊಥೆ 2:1-2) ಲೇಖಕರೇ ಎತ್ತಿಕೊಂಡಿದ್ದಾರೆ. ಆ ಮಾತು ಶುರುವಾಗುವುದೇ ಎಲ್ಲರಿಗಾಗಿ, ಅರಸರಿಗಾಗಿ, ಅಧಿಕಾರಿಗಳಿಗಾಗಿ ಪ್ರಾರ್ಥಿಸಿ ಎಂಬಲ್ಲಿಂದ ಅಲ್ವಾ? ಆಗಿನ ರೋಮಿನ ಅರಸರು ಕ್ರೈಸ್ತರಾಗಿರಲಿಲ್ಲ. ನಮಗೆ ಹಿಡಿಸದ ಅಧಿಕಾರಿಗಾಗಿ ಪ್ರಾರ್ಥಿಸುವುದು ಸುಲಭವಲ್ಲ. ನಾವು ಬೈಯುವುದೇ ಜಾಸ್ತಿ.

ಇನ್ನು ದುಡ್ಡಿನ ವಿಷಯ. ಸುಂಕ ವಸೂಲಿ ಮಾಡುತ್ತಿದ್ದ ಶ್ರೀಮಂತ ಜಕ್ಕಾಯನನ್ನು ನೋಡಿ. ಯೇಸು ಮನೆಗೆ ಬಂದರೆಂದು ಖುಷಿಪಟ್ಟು ಸುಮ್ನಾಗಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಎಂದು ಎದ್ದು ನಿಂತು ಹೇಳಿದ (ಲೂಕ 19). ಎಫೆಸ ಪಟ್ಟಣದ ಕ್ರೈಸ್ತರಿಗೂ ಪೌಲ ಹೇಳುವುದು ಇದನ್ನೇ: ಕಳ್ಳತನ ಬಿಡಿ, ಕೈಯಾರೆ ದುಡಿಯಿರಿ, ಇಲ್ಲದವರಿಗೆ ಕೊಡಿ. ಕೆಲಸದವರ ಕೂಲಿ ಬಾಕಿ ಉಳಿಸಿಕೊಂಡು, ಮುಂದಿನ ಸಾಲಿನಲ್ಲಿ ಕೂತು ಕಣ್ಣು ಮುಚ್ಚಿದರೆ ಹೇಗೆ? ಬೈಬಲಿನಲ್ಲಿರುವ ಯಾಕೋಬನ ಪತ್ರಿಕೆಯ 5ನೇ ಅಧ್ಯಾಯದಲ್ಲಿ, ಹಿಡಿದಿಟ್ಟ ಆ ಕೂಲಿಯೇ ಕೂಗುತ್ತದೆ. ಲೇಖಕರು ಮುಂದಿನ ಭಾಗ ಬರೆಯುವುದಾದರೆ ದಯವಿಟ್ಟು ಇದರ ಬಗ್ಗೆ ಬಿಡಿಸಿ ಬರೆಯಲಿ.